ಪೆನ್ಸಿಲ್‌ಗೆ ಮೊದಲು ಅವರೆಕಾಳು

ಮನೆಯಲ್ಲಿ ಮೂರು ವರ್ಷ ತುಂಬಿದ ಮಗು ಇದ್ದರೆ ಬಂದವರೆಲ್ಲ ಕೇಳುವುದು ಒಂದೇ, 'ಅಆಇಈ ಬರೀತಾಳಾ?' ನಾನೂ ಆ ಮಾತಿಗೆ ಗಾಬರಿಯಾದವಳೇ. ಮೂರೂವರೆ ವರ್ಷದ ಮಗಳಿಗೆ ಶಾಲೆಯಿಂದ ದಿನಾ ಎರಡು ಪುಟ ಹೋಂವರ್ಕ್ ಬರುತ್ತಿತ್ತು. ಅವಳ ಪುಟ್ಟ ಕೈ ಮೇಲೆ ನನ್ನ ಕೈ ಇಟ್ಟು ಒತ್ತಿ ಒತ್ತಿ ಬರೆಸುತ್ತಿದ್ದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಪುಸ್ತಕ ಕಂಡರೆ ಸಾಕು, ಮಂಚದ ಕೆಳಗೆ ಹೋಗಿ ಕೂರುತ್ತಿದ್ದಳು. ಆಗ ಮಂಡ್ಯದಿಂದ ಮೈಸೂರಿಗೆ ನಮ್ಮ ಮನೆಗೆ ಬಂದಿದ್ದ ಅತ್ತೆ, 'ಅದನ್ನ ಎತ್ತಿಡಮ್ಮ, ಮಗು ಬೆರಳಿಗೆ ಇನ್ನೂ ಕಸುವೇ ಬಂದಿಲ್ಲ' ಅಂದರು. ಅವರು ಹೇಳಿದ್ದು ಸರಿ. ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಮಗು ನೋಡಿಕೊಂಡು ಒಂದು ಸೊನ್ನೆ ಸುತ್ತುತ್ತದೆ, ನಾಲ್ಕಕ್ಕೆ ಕೂಡುವ ಗುರುತು ಹಾಕುತ್ತದೆ, ತ್ರಿಕೋನ ಬರುವುದು ಐದರ ಹತ್ತಿರ. ಹೀಗಿರುವಾಗ ಮೂರೂವರೆಗೆ 'ಈ' ಬರೆ ಅಂದರೆ ಎಲ್ಲಿಂದ ಬರಬೇಕು?

ಹಾಗಾದರೆ ಮನೆಯಲ್ಲಿ ಏನು ಮಾಡಿಸುವುದು? ಒಂದೊಂದಾಗಿ ಹೇಳುತ್ತೇನೆ. ದುಡ್ಡು ಕೊಟ್ಟು ತರುವಂಥದ್ದು ಏನೂ ಇಲ್ಲ. ಒಂದು ಚಾಪೆ, ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ. ಮಗು ಎದ್ದು ಹೋದರೆ ಅವತ್ತಿಗೆ ಅಷ್ಟೇ, ಹಿಡಿದು ಕೂರಿಸಬೇಡಿ.

ಮೊದಲು ಬೆರಳು

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಯಾರ ಮನೆಯಲ್ಲಿ ಅವರೆಕಾಯಿ ಇರುವುದಿಲ್ಲ ಹೇಳಿ. ಕಾಳು ಬಿಡಿಸಿ ರಾತ್ರಿ ನೀರಿಗೆ ಹಾಕಿ. ಬೆಳಿಗ್ಗೆ ಅಗಲವಾದ ಪಾತ್ರೆ ಇಟ್ಟು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಕಾಳು ಹಿಡಿದು ಹಿತುಕುವುದನ್ನು ನಿಧಾನವಾಗಿ ಎರಡು ಸಲ ತೋರಿಸಿ, ಆಮೇಲೆ ಸುಮ್ನೆ ನಿಮ್ಮ ಪಾಡಿಗೆ ನೀವು ಕೆಲಸ ಮಾಡಿ. ನನ್ನ ಮಗಳಿಗೆ ಮೊದಲ ಆರೇಳು ಕಾಳು ಬರಲೇ ಇಲ್ಲ, ಜಾರಿ ಜಾರಿ ಹೋದವು. ನಾಲಿಗೆ ಹೊರಗೆ ಚಾಚಿ, ಹುಬ್ಬು ಗಂಟು ಹಾಕಿ ಒಂದನ್ನು ಒತ್ತಿದಳು ನೋಡಿ, ಹಸಿರು ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಚಂಗನೆ ಹಾರಿ ಅತ್ತೆಯ ಮಡಿಲಿಗೆ ಬಿತ್ತು. 'ಅಜ್ಜಿ, ಹಾರ್ತು!' ಅಂತ ಕೂಗಿಕೊಂಡಳು. ಅವತ್ತು ಅರ್ಧ ಗಂಟೆ ಕೂತಿದ್ದಳು. ಪೆನ್ಸಿಲ್ ಹಿಡಿಯುವುದೂ ಇದೇ ಎರಡು ಬೆರಳಿನ ಬಲದಿಂದಲೇ ಅಲ್ವಾ?

ಅವರೆ ಕಾಲ ಮುಗಿದರೆ ಬಟಾಣಿ ಬಿಡಿಸುವುದು, ಕಡಲೆಕಾಯಿ ಸುಲಿಯುವುದು. ಚಪಾತಿ ಹಿಟ್ಟಿನಲ್ಲಿ ಉಂಡೆ, ಹಾವು ಮಾಡುವುದು. ಬಟ್ಟೆ ಒಣಗಿಸುವಾಗ ಕ್ಲಿಪ್ ಹಾಕುವುದು.

ಆಮೇಲೆ ಗೆರೆ, ಅದಾದ ಮೇಲೆ ಅಕ್ಷರ

ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ, ಮರುದಿನ ಆ ತಟ್ಟೆ ಅಡುಗೆಮನೆ ಸೇರಿಬಿಡುತ್ತದೆ. ಅದನ್ನೇ ಮುಂದುವರಿಸಿ. ಅಕ್ಕಿಗಿಂತ ರಾಗಿ ಇನ್ನೂ ಚೆಂದ, ಗೆರೆ ಎದ್ದು ಕಾಣುತ್ತದೆ. ಅಂಚಿರುವ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಮೊದಲ ವಾರ ನಿಂತ ಗೆರೆ, ಮಲಗಿದ ಗೆರೆ ಸಾಕು. ಆಮೇಲೆ ಸೊನ್ನೆ, ಅರ್ಧ ಸೊನ್ನೆ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಆಯಿತು, ರಬ್ಬರ್ ಬೇಡ, ಬೈಗುಳವೂ ಬೇಡ. ಬೆಳಿಗ್ಗೆ ನೀವು ಬಾಗಿಲಿಗೆ ರಂಗೋಲಿ ಹಾಕುವಾಗ ಮೂರು ಸಾಲು ಮೂರು ಚುಕ್ಕಿ ಇಟ್ಟುಕೊಟ್ಟು ಸೇರಿಸಲು ಹೇಳಿ.

ಇನ್ನು ಅಕ್ಷರ. ನಾಲ್ಕೂವರೆ, ಐದರ ಹೊತ್ತಿಗೆ ಮಗು ತಾನೇ 'ಇದೇನು?' ಅಂತ ಅಂಗಡಿ ಬೋರ್ಡು ತೋರಿಸಿ ಕೇಳಲು ಶುರುಮಾಡುತ್ತದೆ, ಆಗ ಹಿಡಿಯಿರಿ. ಆದರೆ ಅ, ಆ, ಇ, ಈ ಕ್ರಮದಲ್ಲೇ ಬರೆಸಬೇಕು ಅಂತೇನಿಲ್ಲ. ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ, ಆಡುತ್ತಾ ಕಲಿಸುವ 'ನಲಿ ಕಲಿ' ಪದ್ಧತಿಯಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಇದು ನನಗೆ ತುಂಬಾ ಇಷ್ಟವಾದ ವಿಷಯ, ಯಾಕೆ ಅಂದರೆ ಈ ಐದು ಸುಲಭದ ಅಕ್ಷರ ಬಂದ ಕೂಡಲೇ ಮಗು ಓದಲು ಶುರುಮಾಡಬಹುದು, ಕಾಗುಣಿತ ಬರುವವರೆಗೆ ಕಾಯಬೇಕಾಗಿಲ್ಲ. ಸರ, ಅರಸ, ಅಗಸ, ಗರಗಸ. ರಟ್ಟಿನ ಚೂರುಗಳ ಮೇಲೆ ಒಂದೊಂದು ಅಕ್ಷರ ದಪ್ಪಗೆ ಬರೆಯಿರಿ, ರ, ಗ, ಸ ಎರಡೆರಡು ಇರಲಿ. ಮಗು ಜೋಡಿಸಲಿ. ಮಗಳು ಮೊದಲ ಸಲ 'ಅರಸ' ಅಂತ ಜೋಡಿಸಿದ ಮೇಲೆ ಎರಡು ದಿನ ಮನೆಗೆ ಬಂದವರಿಗೆಲ್ಲ ಅದನ್ನೇ ಓದಿ ಹೇಳಿದಳು.

ಕಿವಿಗೂ ಕೆಲಸ ಬೇಕು

ಇದಕ್ಕೆ ಚಾಪೆಯೂ ಬೇಡ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುವಾಗ ನಾವು ಊರಿನ ಹೆಸರಿಗೆ ಚಪ್ಪಾಳೆ ತಟ್ಟುತ್ತೇವೆ. ಮಂ-ಡ್ಯ, ಎರಡು. ಪಾಂ-ಡ-ವ-ಪು-ರ, ಐದು. ಶ್ರೀ-ರಂ-ಗ-ಪ-ಟ್ಟ-ಣ, ಆರು. ಮೈ-ಸೂ-ರು, ಮೂರು. ಕನ್ನಡದಲ್ಲಿ ಒಂದೊಂದು ಚಪ್ಪಾಳೆಗೂ ಒಂದೊಂದು ಅಕ್ಷರ, ಹಾಗಾಗಿ ಓದು ಬರೋದಕ್ಕೆ ಮುಂಚೆಯೇ ಪದ ಬಿಡಿಸುವುದು ಕಿವಿಗೆ ಅಭ್ಯಾಸವಾಗುತ್ತದೆ. ದೇವರಾಜ ಮಾರುಕಟ್ಟೆಗೆ ಹೋದರೆ 'ಬ'ಯಿಂದ ಶುರುವಾಗುವ ತರಕಾರಿ ಹುಡುಕಿಸಿ. ನನ್ನ ಮಗಳು ಬದನೆ ಅಂದಳು, ಬಟಾಣಿ ಅಂದಳು, ಬೆಂಡೆಯನ್ನೂ ಬಿಡಲಿಲ್ಲ, ಸೇರಿಸಿಕೊಂಡಳು. ಇರಲಿ ಬಿಡಿ.

ರಾತ್ರಿ ಒಂದು ಕಥೆ. ಹೇಳಿ ಮುಗಿಸಿ, ಮರುದಿನ ಮಗುವಿನಿಂದ ಹೇಳಿಸಿ. ಮೊಬೈಲ್ ಬಗ್ಗೆ ಒಂದೇ ಮಾತು: ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಓಡಾಟ, ಆಟ ದಿನಕ್ಕೆ ಮೂರು ಗಂಟೆ ಇರಬೇಕು ಅಂತಲೂ ಹೇಳಿದೆ.

ಲೆಕ್ಕಕ್ಕೆ ಅಳಗುಳಿ ಮಣೆ

ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ 'ಐದು ಚಮಚ ತಾ' ಅಂದರೆ ಮುಷ್ಟಿ ತುಂಬಾ ತರುತ್ತದೆ. ಹೆಸರು ಬೇರೆ, ಎಣಿಕೆ ಬೇರೆ. ಎಣಿಕೆ ಕೈಗೆ ಹತ್ತಬೇಕಾದರೆ ಅಟ್ಟದ ಮೇಲಿರುವ ಅಳಗುಳಿ ಮಣೆ ಇಳಿಸಿ. ಈ ಕಡೆ ಏಳು ಗುಳಿ, ಆ ಕಡೆ ಏಳು. ಆಟದ ನಿಯಮ ಈಗಲೇ ಬೇಡ. ಒಂದೊಂದು ಗುಳಿಗೆ ನಾಲ್ಕು ನಾಲ್ಕು ಹುಣಸೆಬೀಜ ಹಾಕಲಿ, ಎಣಿಸುತ್ತಾ. ಅದು ಬಂದ ಮೇಲೆ ಒಂದು ಗುಳಿಯಿಂದ ಎತ್ತಿಕೊಂಡು ಮುಂದಿನವಕ್ಕೆ ಒಂದೊಂದೇ ಬಿಡಲಿ. ಒಂದು ಬೀಜ, ಒಂದು ಗುಳಿ, ಒಂದು ಸಂಖ್ಯೆ. ಮಣೆ ಇಲ್ಲದಿದ್ದರೆ ಮೊಟ್ಟೆ ಟ್ರೇ ಸಾಕು. ಊಟಕ್ಕೆ ಎಷ್ಟು ಜನ, ಎಷ್ಟು ತಟ್ಟೆ, ಅದೂ ಲೆಕ್ಕವೇ.

ಬೀಜ, ಕಾಳು ಎಲ್ಲವನ್ನೂ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ಕೊಡಿ. ಮೂರು ವರ್ಷದ ಒಳಗಿನ ಕೂಸು ಮನೆಯಲ್ಲಿದ್ದರೆ ಅದರ ಕೈಗೆ ಎಟುಕಲೇಬಾರದು. ಮಕ್ಕಳು ಮೂಗಿಗೆ ಹಾಕಿಕೊಳ್ಳುತ್ತಾರೆ, ಕಿವಿಗೆ ಹಾಕಿಕೊಳ್ಳುತ್ತಾರೆ, ಗಂಟಲಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ. ಆಟ ಮುಗಿದ ಮೇಲೆ ಮಗುವಿನ ಜೊತೆ ಕೂತು ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಹದಿನಾಲ್ಕು ಗುಳಿಗೆ ನಾಲ್ಕರಂತೆ 56 ಇರಬೇಕು. ಒಂದು ಕಮ್ಮಿಯಾದರೂ ಚಾಪೆ ಎತ್ತಿ ಹುಡುಕಿ, ಸಿಕ್ಕಿದ ಮೇಲೆ ಮುಚ್ಚಳ ಹಾಕಿ.