ಗುಡ್ಡ ಕುಸಿದ ಮೇಲೆ ಮನಸ್ಸಿಗೆ ಆಸರೆಯಾಗುವುದು ಹೇಗೆ?

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಸುತ್ತ ಗುಡ್ಡಗಳು ಕುಸಿದವು. ಪರಿಹಾರ ಕೇಂದ್ರಗಳಿಗೆ ಅಕ್ಕಿ, ಕಂಬಳಿ ಬಂದವು. ಆದರೆ ನೊಂದವರನ್ನು ಮಾತಾಡಿಸುವ ಬಗೆ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಈಗಲೂ ಅಷ್ಟೇ.

ಮೊದಲು ಬಿಸಿ ಊಟ, ಒಣ ಬಟ್ಟೆ, ಮನೆಯವರು ಎಲ್ಲಿದ್ದಾರೆ ಎಂಬ ಸುದ್ದಿ. ಕೌನ್ಸೆಲಿಂಗ್ ಆಮೇಲೆ.

ಎರಡನೆಯದು ಮಾತು. ಜನ ಎಡವುವುದೇ ಇಲ್ಲಿ. ‘ಏನಾಯ್ತು, ಹೇಗಾಯ್ತು ಹೇಳಿ’ ಎಂದು ಕೆದಕಬೇಡಿ. ಎಲ್ಲ ಹೇಳಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ತಪ್ಪು. ಹಾಗೆ ಒತ್ತಾಯಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಪಕ್ಕದಲ್ಲಿ ಕೂತು, ‘ಈಗ ಏನಾದ್ರೂ ಬೇಕಿತ್ತಾ ಅಕ್ಕಾ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಸುಮ್ನೆ ಕೂತಿರಿ. ಅವರೇ ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ. ‘ಜೀವ ಉಳೀತಲ್ಲ, ಬಿಡಿ’ ಅನ್ನಲೇಬೇಡಿ. ಕಾಫಿ ತೋಟ, ಕೊಟ್ಟಿಗೆಯ ದನ ಎಲ್ಲ ಮಣ್ಣುಪಾಲಾದವರಿಗೆ ಅದು ಸಮಾಧಾನ ಅಲ್ಲ. ‘ಹಗ್ಗ ಬಿಚ್ಚಿದ್ದರೆ ಹಸು ಬದುಕ್ತಿತ್ತು’ ಎಂದು ತಮ್ಮನ್ನೇ ಹಳಿದುಕೊಂಡರೆ, ‘ಆ ಕತ್ತಲಲ್ಲಿ ನಿಮ್ಮ ಕೈಲಾದದ್ದು ಮಾಡಿದ್ದೀರಿ’ ಅಂದರೆ ಸಾಕು. ಮನೆ ಕೊಡಿಸುತ್ತೇನೆ ಎಂದು ಮಾತು ಕೊಡಬೇಡಿ. ‘ಗೊತ್ತಿಲ್ಲ, ವಿಚಾರಿಸಿ ಬಂದು ಹೇಳ್ತೇನೆ’ ಅನ್ನಿ. ಹೇಳಿದ ಮೇಲೆ ಹೋಗಲೇಬೇಕು.

ಆಮೇಲೆ ಕೈಗೆ ಕೆಲಸ. ತರಕಾರಿ ಹೆಚ್ಚುವುದಾದರೂ ಸರಿ. ಮಕ್ಕಳಿಗೆ ಆಟ, ಆದಷ್ಟು ಬೇಗ ಶಾಲೆ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಬೈಯಬೇಡಿ, ಇಂಥ ಹೊತ್ತಲ್ಲಿ ಅದು ಸಹಜ.

ಎರಡು ಪೆಗ್ ಹಾಕಿದರೆ ನಿದ್ದೆ ಬರುತ್ತೆ ಅನ್ನುವವರ ಮಾತು ಕೇಳಬೇಡಿ. ಕುಡಿದ ನಿದ್ದೆ ನಡುರಾತ್ರಿಯೇ ಮುರಿಯುತ್ತದೆ. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆಯೂ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಕುಸಿತದ ವಿಡಿಯೊಗಳನ್ನು ನೋಡದೆ ಅಳಿಸಿ.

ಮೊದಲ ವಾರಗಳಲ್ಲಿ ಬೆಚ್ಚಿಬೀಳುವುದು, ಅಳು, ಸಿಟ್ಟು ಇರುತ್ತವೆ. ಹೆಚ್ಚಿನವರಿಗೆ ಬರಬರುತ್ತಾ ಕಡಿಮೆಯಾಗುತ್ತವೆ. ತಿಂಗಳು ಕಳೆದರೂ ಊಟ, ನಿದ್ದೆ, ಕೆಲಸ ಹಳಿಗೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ: 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ತಿಂಗಳು ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ಮಳೆಗಾಲಕ್ಕೆ ಭಯ ಮರಳಬಹುದು. ಮಳೆ ಹಿಡಿಯುವ ಮೊದಲೇ ಮನೆಯವರೆಲ್ಲ ಕೂತು, ಎಲ್ಲಿಗೆ ಹೋಗುವುದು, ಯಾರಿಗೆ ಫೋನ್ ಮಾಡುವುದು ಎಂದು ಗೊತ್ತು ಮಾಡಿಕೊಳ್ಳಿ. ಆಧಾರ್, ಆರ್‌ಟಿಸಿ, ಔಷಧಿ ಒಂದೇ ಚೀಲದಲ್ಲಿರಲಿ.