ಎಲ್ಲರ ಬಾಯಿಗೂ ಒಗ್ಗುವ ಪ್ರಾರ್ಥನೆ: ಬರೆಯುವುದು ಹೇಗೆ?

ಕೆನಡಾದ ವಾಟರ್‌ಲೂ ಸುತ್ತಮುತ್ತ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದ ಸಭೆಗಳಿಗೆ ಬರವಿಲ್ಲ. ಕುದುರೆಗಾಡಿಯಲ್ಲಿ ಆರಾಧನೆಗೆ ಬರುವವರೂ ಇದ್ದಾರೆ, ಎಲೆಕ್ಟ್ರಿಕ್ ಕಾರಿನಲ್ಲಿ ಬರುವವರೂ ಇದ್ದಾರೆ. ನಾನು ಹೋಗುವುದು ಎರಡನೆಯವರ ಸಭೆಗೆ, ಬಸ್ಸಿನಲ್ಲಿ. ಊರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪ್ರಾರ್ಥನಾ ಪುಸ್ತಕ ಹಿಡಿದು ಬೆಳೆದ ನನಗೆ ಇಲ್ಲಿ ವಿಚಿತ್ರವಾಗಿ ಕಂಡದ್ದು ಒಂದೇ: ವಾರವಾರ ಇಂಥದ್ದನ್ನೇ ಓದಬೇಕು ಎಂಬ ಕಟ್ಟಳೆ ಇಲ್ಲ. ಅಮೆರಿಕ ಮತ್ತು ಕೆನಡಾದ ಮೆನ್ನೊನೈಟರು 2020ರಲ್ಲಿ ಹೊರತಂದ ‘ವಾಯ್ಸಸ್ ಟುಗೆದರ್’ ಗೀತೆಪುಸ್ತಕದಲ್ಲಿ ಹಾಡುಗಳ ಜತೆ ಪ್ರಾರ್ಥನೆಗಳೂ ಇವೆ, ಬೇಕಾದವರು ಎತ್ತಿಕೊಳ್ಳಬಹುದು. ಉಳಿದದ್ದನ್ನು ಸಭೆಯವರೇ ಬರೆಯುತ್ತಾರೆ. ನರ್ಸ್, ಮೇಷ್ಟರು, ನನ್ನಂಥ ಸಾಫ್ಟ್‌ವೇರ್‌ನವರು, ಯಾರ ಸರದಿ ಬಂದರೆ ಅವರು.

ನನ್ನ ಸರದಿ ಬಂದದ್ದು ಜನವರಿಯಲ್ಲಿ. 1525ರ ಜನವರಿ 21ರಂದು ಜ್ಯೂರಿಕ್‌ನ ಒಂದು ಮನೆಯಲ್ಲಿ ಸೇರಿದ ಕೆಲವರು, ಬುದ್ಧಿ ಬರುವ ಮೊದಲೇ ಆದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲವೆಂದು, ತಾವಾಗಿ ನಂಬಿ ಹೊಸದಾಗಿ ದೀಕ್ಷಾಸ್ನಾನ ಪಡೆದರು. ಅನಾಬ್ಯಾಪ್ಟಿಸ್ಟ್ ಚಳವಳಿ ಹುಟ್ಟಿದ್ದು ಹಾಗೆ. ಮೆನ್ನೊನೈಟರು ಆ ಬಳ್ಳಿಯ ಕುಡಿ. ಆ ದಿನಕ್ಕೆ ಹತ್ತಿರದ ಭಾನುವಾರವನ್ನು ಲೋಕದ ಎಲ್ಲ ಸಭೆಗಳನ್ನು ನೆನೆದು ಆಚರಿಸುವ ರೂಢಿಯಿದೆ. ಆರಾಧನೆಯ ಶುರುವಿನಲ್ಲಿ ನಡೆಸುವವರೂ ಸಭೆಯೂ ಸರದಿಯಂತೆ ಹೇಳುವ ಸಾಲುಗಳೇ ‘ಆರಾಧನೆಗೆ ಕರೆ’. ಹುರುಪಿನಲ್ಲಿ ನಾನು ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

ನಡೆಸುವವರು: ನಮ್ಮ ಪೂರ್ವಜರು ನಂಬಿಕೆಗಾಗಿ ನೀರುಪಾಲಾದರು.
ಸಭೆ: ನಾವೂ ಪ್ರಾಣ ಕೊಡಲು ಸಿದ್ಧ.
ನಡೆಸುವವರು: ಎದ್ದು ನಿಲ್ಲಿ, ಸೇನಾಧೀಶ್ವರನನ್ನು ಕೊಂಡಾಡಿ.

ಎರಡನೇ ಸಾಲಿಗೆ ಸಭೆಯ ದನಿ ಅರ್ಧಕ್ಕಿಳಿಯಿತು. ಕಾಫಿ ಹೊತ್ತಿನಲ್ಲಿ ಅಜ್ಜಿಯೊಬ್ಬರು ಹತ್ತಿರ ಬಂದು, “ಪ್ರಾಣ ಕೊಡ್ತೀನಿ ಅಂತ ನನ್ನ ಬಾಯಲ್ಲಿ ಹೇಳಿಸಿಬಿಟ್ಟೆಯಲ್ಲ ಮಗಾ, ನನಗೆ ಸೂಜಿ ಅಂದ್ರೇನೇ ಭಯ” ಅಂದರು. ನಕ್ಕುಬಿಟ್ಟೆವು. ಆದರೆ ಮೆನ್ನೊನೈಟರ ಮಟ್ಟಿಗೆ ಇದು ನಗುವ ಸಂಗತಿಯಲ್ಲ. ಅನಾಬ್ಯಾಪ್ಟಿಸ್ಟರು ತಮ್ಮ ನಂಬಿಕೆಗಳನ್ನು ಬರೆದಿಟ್ಟ 1527ರ ಶ್ಲೈಟ್‌ಹೈಮ್ ಒಪ್ಪಂದದ ಕಾಲದಿಂದ ಅವರು ಆಣೆ ಮಾಡುವುದಿಲ್ಲ. ಹೌದಾದರೆ ಹೌದು, ಇಲ್ಲವಾದರೆ ಇಲ್ಲ, ಕೋರ್ಟಿನಲ್ಲೂ ಅಷ್ಟೇ. ಅಂಥ ಜನರ ಬಾಯಿಗೆ ಅವರು ಒಪ್ಪದ ಮಾತನ್ನು ಗುಂಪಿನಲ್ಲಿ ತುರುಕಿದ್ದೆ. ಆಮೇಲೆ ಕಲಿತ ಕ್ರಮ ಇದು.

1. ಮೊದಲು ಬೆಂಚು ನೋಡಿ

ಬರೆಯುವ ಹಿಂದಿನ ಭಾನುವಾರ ಕೊನೆಯ ಸಾಲಿನಲ್ಲಿ ಕೂತುಕೊಳ್ಳಿ. ಯಾರಿಗೆ ಮಂಡಿನೋವು, ಯಾರು ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದುತ್ತಾರೆ, ಓದಲು ಬಾರದ ಮಕ್ಕಳು ಎಷ್ಟು, ಕಂಡುಬರುತ್ತದೆ. ‘ನಮ್ಮ ಪೂರ್ವಜರು’ ಎಂದಾಗ ಸ್ವಿಸ್, ಜರ್ಮನ್ ಮನೆತನದವರು ತಲೆದೂಗುತ್ತಾರೆ. ಪಕ್ಕದಲ್ಲೇ ಕೂತ ಇಥಿಯೋಪಿಯದವರು? ಅಸಲಿಗೆ ಈ ಪಂಗಡದ ಅತಿ ದೊಡ್ಡ ರಾಷ್ಟ್ರೀಯ ಸಭೆ ಇರುವುದೇ ಇಥಿಯೋಪಿಯದಲ್ಲಿ. ‘ನಮಗಿಂತ ಮುಂಚೆ ನಂಬಿದವರು’ ಎಂದರೆ ಇಬ್ಬರಿಗೂ ಸಲ್ಲುತ್ತದೆ.

2. ಒಂದೇ ಚಿತ್ರ ಹಿಡಿಯಿರಿ

ಆ ದಿನದ ಬೈಬಲ್ ಪಾಠವನ್ನು ಓದಿ ಅದರಿಂದ ಒಂದು ಚಿತ್ರ ಎತ್ತಿಕೊಳ್ಳಿ. ನೀರಾದರೆ ನೀರು. ಕರೆಯಿಂದ ಆಶೀರ್ವಾದದವರೆಗೆ ಅದೇ ಹರಿಯಲಿ. ನೀರು, ಬೆಳಕು, ಬಂಡೆ, ರೊಟ್ಟಿ ಎಲ್ಲ ಒಂದೇ ಪುಟಕ್ಕೆ ಬಂದರೆ ಕೇಳುವವರ ಕೈಗೆ ಯಾವುದೂ ಸಿಗುವುದಿಲ್ಲ.

3. ‘ನಾವು’ ಅಂದರೆ ಯಾರು?

ಹೆಚ್ಚು ಹೊತ್ತು ಹಿಡಿಯುವುದು ಇದು. ರಾಯಚೂರಿನಿಂದ ಕೃಷ್ಣೆ ದಾಟಿದರೆ ಸಿಗುವ ಮಹಬೂಬನಗರದ ಕಡೆ ಮೆನ್ನೊನೈಟ್ ಬ್ರದರನ್ ಸಭೆಗಳಿವೆ, ಆರಾಧನೆ ತೆಲುಗಿನಲ್ಲಿ. ತೆಲುಗಿನಲ್ಲಿ ‘ನಾವು’ ಎರಡು: ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ಒಬ್ಬರನ್ನೊಬ್ಬರು ಕರೆಯುವಾಗ ಮನಂ. ‘ಪಾಪ ಮಾಡಿದೆವು’ ಎಂದು ದೇವರಿಗೆ ಹೇಳುವಾಗ ಮೇಮು, ದೇವರು ಅದರಲ್ಲಿ ಪಾಲುದಾರನಲ್ಲವಲ್ಲ. ಕನ್ನಡಕ್ಕಾಗಲಿ ಇಂಗ್ಲಿಷಿಗಾಗಲಿ ಈ ಸೌಕರ್ಯವಿಲ್ಲ. ಹಾಗಾಗಿ ಪ್ರತಿ ‘ನಾವು’ ಕೆಳಗೂ ಪೆನ್ಸಿಲ್ ಗೆರೆ ಎಳೆದು, ಯಾರು ಒಳಗೆ, ಯಾರು ಹೊರಗೆ ಎಂದು ಕೇಳಿಕೊಳ್ಳಬೇಕು.

ಉದಾಹರಣೆಗೆ ನೆಲದ ಕುರಿತ ಪಾಪದ ಅರಿಕೆ. ಇಲ್ಲಿನ ಗ್ರ್ಯಾಂಡ್ ನದಿಯ ಎರಡೂ ದಡದಲ್ಲಿ ಆರಾರು ಮೈಲಿ ಅಗಲದ ನೆಲವನ್ನು 1784ರಲ್ಲಿ ಬ್ರಿಟಿಷರು ಹೋಡೆನೊಶೋನಿ ಮೂಲನಿವಾಸಿಗಳಿಗೆ ಬರೆದುಕೊಟ್ಟಿದ್ದರು. ಅದೇ ನೆಲದಲ್ಲಿ 60,000 ಎಕರೆ 1805ರ ಹೊತ್ತಿಗೆ ಪೆನ್ಸಿಲ್ವೇನಿಯದ ಮೆನ್ನೊನೈಟರ ಕೈಸೇರಿತು. ‘ನಾವು ಈ ನೆಲ ಕಸಿದೆವು’ ಎಂದು ಬರೆದರೆ ನಿನ್ನೆ ಮೊನ್ನೆ ಬಂದ ನಿರಾಶ್ರಿತರು ಸುಮ್ಮನಾಗುತ್ತಾರೆ. ಬರೆಯದೆ ಬಿಟ್ಟರೆ ಮೂಲನಿವಾಸಿಗಳಿಗೆ ಮತ್ತೆ ಮೋಸ. ನಾವು ಕೊನೆಗೆ ಮುಟ್ಟಿದ್ದು: “ಕೊಟ್ಟ ಮಾತು ಮುರಿದ ನೆಲದ ಮೇಲೆ ನಿಂತಿದ್ದೇವೆ. ಕೆಲವರು ಕೊಂಡವರ ಮೊಮ್ಮಕ್ಕಳು, ಕೆಲವರು ಹೊಸಬರು. ಬಾಕಿ ಇನ್ನೂ ತೀರಿಲ್ಲ.” ಇದನ್ನು ಹೇಳಲು ಯಾರೂ ತಡವರಿಸಲಿಲ್ಲ.

4. ದೇವರನ್ನು ಕರೆಯುವ ಬಗೆ

‘ಸೇನಾಧೀಶ್ವರ’ ಬೈಬಲಿನದೇ ಪದ, ನಿಜ. ಆದರೆ ಆಯುಧ ಹಿಡಿಯದ ಸಭೆಯಲ್ಲಿ ಅದೊಂದೇ ಹೆಸರು ಸಾಲದು. ಮಗುವನ್ನು ಸಂತೈಸುವ ತಾಯಿ ಯೆಶಾಯನಲ್ಲಿದ್ದಾಳೆ, ಮರಿಗಳನ್ನು ರೆಕ್ಕೆಯಡಿ ಸೇರಿಸುವ ಕೋಳಿ ಮತ್ತಾಯನಲ್ಲಿದೆ. ‘ತಂದೆ’ಯನ್ನು ಅಳಿಸಿಹಾಕಬೇಕಿಲ್ಲ, ನನ್ನ ಮಟ್ಟಿಗೆ ಅಳಿಸುವುದಕ್ಕಿಂತ ಸೇರಿಸುವುದು ಮೇಲು. ಕನ್ನಡದಲ್ಲಿ ಬರೆಯುವವರಿಗೆ ಒಂದು ಸುಲಭದ ದಾರಿಯಿದೆ. ‘ಆತನು’ ಎಂದರೆ ಗಂಡಾಗಿಬಿಡುತ್ತದೆ, ‘ನೀನು’ ಎಂದರೆ ಆ ತೊಡಕಿಲ್ಲ. ದೇವರ ಬಗ್ಗೆ ಮಾತಾಡುವುದನ್ನು ಕಡಿಮೆ ಮಾಡಿ, ದೇವರೊಡನೆ ಮಾತಾಡಿ.

‘ನಮ್ಮ ಕುರುಡುತನ ಕ್ಷಮಿಸು’ ಎನ್ನುವುದನ್ನೂ ಬಿಡಿ. ಕಣ್ಣು ಕಾಣದವರು ಅದಕ್ಕೆ ಕ್ಷಮೆ ಕೇಳಬೇಕೇ? ‘ಕಂಡೂ ಕಾಣದಂತೆ ಇದ್ದೆವು’ ಎಂದರೆ ತಪ್ಪು ಯಾರದೆಂದು ಸರಿಯಾಗಿ ಗೊತ್ತಾಗುತ್ತದೆ.

5. ಬಾಯಿಬಿಟ್ಟು ಓದಿ

ಸಭೆಯ ಸಾಲು ಒಂದು ಉಸಿರಿಗೆ ಮುಗಿಯಬೇಕು. ಇಬ್ಬರಿಗೆ ಕೊಟ್ಟು ಓದಿಸಿ, ಅದರಲ್ಲಿ ಒಬ್ಬರು ಹತ್ತು ವರ್ಷದವರಾಗಿರಲಿ. ಅವರು ಎಡವಿದಲ್ಲಿ ತಿದ್ದಬೇಕಾದ್ದು ನಿಮ್ಮ ವಾಕ್ಯ. ಮಕ್ಕಳಿಗಾಗಿ ಒಂದು ಸಾಲು ಮರುಕಳಿಸಲಿ, ಎರಡನೇ ಸಲಕ್ಕೆ ಅವರಿಗೆ ಬಾಯಿಪಾಠವಾಗಿರುತ್ತದೆ.

ಹೀಗೆ ತಿದ್ದಿ ತೀಡಿದ ಮೇಲೆ ನನ್ನ ಹಳೆಯ ಕರೆ ಹೀಗಾಯಿತು. (ಆ ಹೊಸ ದೀಕ್ಷಾಸ್ನಾನದ ಕಾರಣಕ್ಕೇ 1527ರಲ್ಲಿ ಜ್ಯೂರಿಕ್‌ನ ಲಿಮ್ಮಾಟ್ ನದಿಗೆ ನೂಕಲ್ಪಟ್ಟ ಅನಾಬ್ಯಾಪ್ಟಿಸ್ಟ್ ಫೆಲಿಕ್ಸ್ ಮಾಂಟ್ಸ್ ಸಾಯುವ ಮುನ್ನ ‘ನಿನ್ನ ಕೈಗೆ ಒಪ್ಪಿಸುತ್ತೇನೆ’ ಎಂದು ಹಾಡಿದನಂತೆ.)

ನಡೆಸುವವರು: ತಣ್ಣನೆಯ ನದಿಯಲ್ಲಿ ಒಬ್ಬನು ಹಾಡುತ್ತಿದ್ದ.
ಸಭೆ: ಆ ಹಾಡು ನಮ್ಮವರೆಗೆ ಬಂದಿದೆ.
ನಡೆಸುವವರು: ಧೈರ್ಯವಿದ್ದವರು ಬಂದಿದ್ದೇವೆ, ಇಲ್ಲದವರೂ ಬಂದಿದ್ದೇವೆ.
ಸಭೆ: ಕರ್ತನೇ, ಒಂದೇ ಬೆಂಚಿನಲ್ಲಿ ಕೂರಿಸು.
ನಡೆಸುವವರು: ನಿಂತೋ ಕೂತೋ, ನಿಮಗೆ ಆದಂತೆ ಹಾಡೋಣ.

6. ಪರದೆಗೆ ಹಾಕುವ ಮುನ್ನ

ಸಭೆ ಹೇಳುವ ಸಾಲು ದಪ್ಪಕ್ಷರದಲ್ಲಿರಲಿ. ಬೇರೆಯವರ ಪ್ರಾರ್ಥನೆ ಬಳಸಿದ್ದರೆ ಅನುಮತಿ ಕೇಳಿ, ಹೆಸರು ಹಾಕಿ, ಪ್ರಾರ್ಥನೆಗೂ ಹಕ್ಕುಸ್ವಾಮ್ಯವುಂಟು. ನಿಮ್ಮದನ್ನು ಬೇರೆ ಸಭೆಗಳು ಬಳಸಬಹುದಾದರೆ ಅಡಿಯಲ್ಲಿ ಒಂದು ಸಾಲು ಹಾಗೆಂದು ಬರೆದುಬಿಡಿ.

ಮುಂದಿನ ಜನವರಿಯಲ್ಲಿ ಅದೇ ಅಜ್ಜಿ ಕಾಫಿ ಲೋಟ ಹಿಡಿದು ಬಂದರು. “ಈ ಸಲ ಎಲ್ಲ ಸಾಲೂ ಹೇಳಿದೆ. ಆದ್ರೆ ಅರ್ಧ ಊಹೆ ಮೇಲೆ, ಅಕ್ಷರ ಕಾಣಲಿಲ್ಲ.” ಈಗ 18 ಪಾಯಿಂಟ್ ಅಕ್ಷರದ ನಾಲ್ಕು ಪ್ರತಿ ಬಾಗಿಲ ಬಳಿ ಇಡುತ್ತೇನೆ.