ಕೆನಡಾದ ಅತಿಥಿಯನ್ನು "ಅಮೆರಿಕಾದವರಾ?" ಅಂತ ಕೇಳುವ ಮೊದಲು

ಗೋಕರ್ಣದಿಂದ ತದಡಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ನಾಲ್ಕು ರೂಮಿನ ಹೋಂಸ್ಟೇ ಇದೆ. ಸಮುದ್ರ ಕಾಣುವುದಿಲ್ಲ. ಗದ್ದೆ ಕಾಣುತ್ತದೆ, ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ. ಹನ್ನೊಂದು ವರ್ಷದಿಂದ ಪರದೇಶದವರಿಗೆ ಬಡಿಸುತ್ತಿದ್ದೇನೆ. ಎಲ್ಲರ ಹತ್ತಿರವೂ ಒಂದಲ್ಲ ಒಂದು ಎಡವಟ್ಟು ಮಾಡಿಕೊಂಡಿದ್ದೇನೆ. ಕೆನಡಾದವರ ಹತ್ತಿರ ಮಾಡಿಕೊಂಡದ್ದು ಮಾತ್ರ ಇನ್ನೂ ಚುಚ್ಚುತ್ತದೆ. ಹೊಸದಾಗಿ ಹೋಂಸ್ಟೇ ಶುರು ಮಾಡಿದ ನಮ್ಮ ಕಡೆಯ ಹೆಂಗಸರು ಆಗಾಗ ಫೋನ್ ಮಾಡಿ ಅದು ಹೇಗೆ, ಇದು ಹೇಗೆ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

2025ರ ಫೆಬ್ರವರಿಯಲ್ಲಿ ಹ್ಯಾಮಿಲ್ಟನ್ ಅನ್ನುವ ಊರಿನ ಒಬ್ಬ ರಿಟೈರ್ಡ್ ಟೀಚರಮ್ಮ ಬಂದಿದ್ದರು. ಮೊದಲ ದಿನ ಮಧ್ಯಾಹ್ನ ಬಂಗಡೆ ಫ್ರೈ ಮುರಿಯುತ್ತಾ ಕೂತಿದ್ದರು. ಸುಮ್ನೆ ಮಾತಿಗೆ ಅಂತ "ನಿಮ್ಮ ಟ್ರಂಪ್ ಏನಂತಾರೆ?" ಅಂದೆ. ಕೈ ಅಲ್ಲೇ ನಿಂತಿತು. ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟರು. ಬೆರಳು ಒರೆಸಿಕೊಂಡರು. "ನಮ್ಮ ಟ್ರಂಪ್ ಅಲ್ಲ" ಅಂದರು. ದನಿ ಮೆತ್ತಗಿತ್ತು, ನಮ್ಮತ್ತೆಗೆ ಸಿಟ್ಟು ಬಂದಾಗ ಇರುತ್ತದಲ್ಲ, ಹಾಗೆ. ನಾನು ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. "ಎರಡೂ ಒಂದೇ ಅಲ್ವಾ?" ಅಂದುಬಿಟ್ಟೆ.

ಅವತ್ತು ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಅದಕ್ಕೇ ಮೊದಲ ಕೆಲಸ, ಬಾಯಿ ತೆರೆಯುವ ಮೊದಲು ಪಾಸ್‌ಪೋರ್ಟ್ ನೋಡಿ. ಹೇಗೂ ಪರದೇಶದ ಅತಿಥಿ ಬಂದ 24 ತಾಸಿನ ಒಳಗೆ ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕು, ಪಾಸ್‌ಪೋರ್ಟ್ ಕೈಗೆ ಬಂದೇ ಬರುತ್ತದೆ. ದೂರದಿಂದ ನೋಡಿದರೆ ಮೋಸ ಹೋಗುತ್ತೀರಿ, ಎರಡೂ ದೇಶದ್ದು ಕಡು ನೀಲಿ. ಅಮೆರಿಕಾದ್ದರ ಮೇಲೆ ಹದ್ದು ಇರುತ್ತದೆ. ಕೆನಡಾದ್ದರ ಮೇಲೆ ರಾಜಲಾಂಛನ, ಆಚೆ ಈಚೆ ಸಿಂಹ ಮತ್ತು ಒಂಟಿಕೊಂಬಿನ ಕುದುರೆ. ಬ್ಯಾಗನ್ನೂ ನೋಡಿ. ಕೆಂಪು ಮೇಪಲ್ ಎಲೆಯ ಬಾವುಟ ಹೊಲಿದುಕೊಂಡಿದ್ದರೆ ಅದು ಚಂದಕ್ಕೆ ಹೊಲಿದದ್ದಲ್ಲ, ನಮ್ಮಂಥವರು ಓದಲಿ ಅಂತ ಹೊಲಿದದ್ದು.

ಪಾಸ್‌ಪೋರ್ಟ್ ಯಜಮಾನರ ಕೈಯಲ್ಲಿದ್ದು ನಿಮಗೆ ಕಾಣದಿದ್ದರೆ "ಯಾವ ಊರು?" ಅಂತ ಕೇಳಿ. ದೇಶ ನೀವಾಗಿ ಹೇಳಬೇಡಿ. ಮಾತು ಕೇಳಿ ಕಂಡುಹಿಡಿಯುತ್ತೇನೆ ಅಂತ ಹೋಗಬೇಡಿ, ನಮ್ಮ ಕಿವಿಗೆ ಎರಡೂ ಒಂದೇ. ಒಂದು ಗುರುತು ಮಾತ್ರ ನನಗೆ ಸಿಕ್ಕಿದೆ. ಇಂಗ್ಲಿಷಿನ ಕೊನೇ ಅಕ್ಷರಕ್ಕೆ ಅಮೆರಿಕಾದವರು "ಝೀ" ಅನ್ನುತ್ತಾರೆ, ಕೆನಡಾದವರು ನಮ್ಮ ಹಾಗೆ "ಝೆಡ್". ವೈಫೈ ಪಾಸ್‌ವರ್ಡಿನಲ್ಲಿ ಆ ಅಕ್ಷರ ಬೇಕೆಂದೇ ಇಟ್ಟಿದ್ದೇನೆ. ಅವರು ಟೈಪ್ ಮಾಡುತ್ತಾ ಓದಿಕೊಳ್ಳುವಾಗ ಕೇಳಿಸಿಕೊಂಡರಾಯಿತು. ಮಗ ನಗುತ್ತಾನೆ.

ಈಗಾಗಲೇ ತಪ್ಪು ಮಾತು ಬಾಯಿಂದ ಬಿದ್ದಾಗಿದ್ದರೆ? ಒಂದೇ ಸಲ ಸಾರಿ ಅನ್ನಿ. ಹತ್ತು ಸಲ ಅಂದರೆ ಅವರೂ ತಿರುಗಿ ಸಾರಿ ಅನ್ನಲು ಶುರು ಮಾಡುತ್ತಾರೆ, ಅದು ಮುಗಿಯುವುದಿಲ್ಲ. ಆಮೇಲೆ ನಿಮ್ಮದೇ ಒಂದು ಕಥೆ ಹೇಳಿ. ನನ್ನನ್ನು ಕಾಪಾಡಿದ್ದು ತವರು.

ನಾನು ಕಾರವಾರದವಳು. ಬೆಂಗಳೂರಿಗೆ ಹೋದಾಗಲೆಲ್ಲ ಇದೇ ಪ್ರಶ್ನೆ. "ಕಾರವಾರನಾ? ಗೋವಾ ಅಲ್ವಾ ಅದು?" ಅಲ್ಲ ಅಂದರೆ, "ಕೊಂಕಣಿ ಮಾತಾಡ್ತೀರಲ್ಲ, ಎಲ್ಲ ಒಂದೇ ಬಿಡಿ." ಮೈ ಉರಿಯುತ್ತದೆ. ಹಾಗಂತ ನಾವು ಗೋವಾ ಬಿಟ್ಟು ಇರುತ್ತೇವಾ? ಮಾಜಾಳಿ ಚೆಕ್‌ಪೋಸ್ಟ್ ದಾಟಿ ಪೆಟ್ರೋಲ್ ಹಾಕಿಸಿಕೊಂಡು ಬರುತ್ತೇವೆ. ಹುಡುಗರು ಕೆಲಸಕ್ಕೆ ಹೋಗುತ್ತಾರೆ. ನನ್ನ ಅಕ್ಕನನ್ನು ಕೊಟ್ಟದ್ದು ಕಾಣಕೋಣಕ್ಕೆ. ಆದರೂ 2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ಅನ್ನುವ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆಯಾಗಿ ಗೋವಾದವರು ಹೊರಗಿನ ಮೀನಿನ ಲಾರಿ ತಡೆದಾಗ ಕಾರವಾರದಲ್ಲಿ ಎದ್ದ ಸಿಟ್ಟು ನೋಡಬೇಕಿತ್ತು. ನನ್ನ ಅಣ್ಣ ಅಕ್ಕನ ಮನೆಯ ಗಣಪತಿ ಹಬ್ಬಕ್ಕೇ ಹೋಗುವುದಿಲ್ಲ ಅಂತ ಕೂತಿದ್ದ. ಹಬ್ಬ ಬಂದಾಗ ಹೋದ ಅನ್ನಿ.

ರಾತ್ರಿ ಊಟಕ್ಕೆ ಮುರುಗಲು ಪಾನಕ ಕೊಟ್ಟು, ನನ್ನ ಹರಕು ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಿದೆ. ಟೀಚರಮ್ಮ ಮೇಜು ತಟ್ಟಿದರು. "ಅದೇ! ಅದೇ!" ಅಂದರು. ಆಮೇಲೆ ಅವರನ್ನು ನಿಲ್ಲಿಸಲು ಆಗಲಿಲ್ಲ.

ಅವರ ಸಿಟ್ಟು ನಿನ್ನೆ ಮೊನ್ನೆಯದಲ್ಲ. ಅಮೆರಿಕಾ ಬ್ರಿಟಿಷರ ವಿರುದ್ಧ ಎದ್ದಾಗ ರಾಜನ ಕಡೆ ಇದ್ದವರು ಸಾವಿರ ಸಾವಿರ ಮಂದಿ ಓಡಿ ಬಂದದ್ದು ಈಗಿನ ಕೆನಡಾಕ್ಕೆ. ಅಮೆರಿಕಾ ಬೇಡ ಅಂದವರಿಂದಲೇ ಅಲ್ಲಿನ ಎಷ್ಟೋ ಊರು ಬೆಳೆದವು. 1812ರಲ್ಲಿ ಯುದ್ಧವಾಯಿತು. ಮರುವರ್ಷ ಅಮೆರಿಕಾದ ಸೈನ್ಯ ಇವತ್ತಿನ ಟೊರೊಂಟೊಗೆ ನುಗ್ಗಿದಾಗ ಅಲ್ಲಿನ ಪಾರ್ಲಿಮೆಂಟ್ ಕಟ್ಟಡ ಸುಟ್ಟುಹೋಯಿತು. 1814ರಲ್ಲಿ ವೈಟ್ ಹೌಸ್ ಸುಟ್ಟಿತು. "ಅದು ನಾವು!" ಅಂದರು ಟೀಚರಮ್ಮ. ನನ್ನ ಮಗ ಅಲ್ಲೇ ಮೊಬೈಲ್ ನೋಡಿ, ಅದು ಬ್ರಿಟಿಷ್ ಸೈನ್ಯ ಅಲ್ವಾ ಅಂದ. ಇಂಥ ಕೆಲಸ ಮಾಡಬೇಡಿ. ಅತಿಥಿ ಹೇಳಿದ್ದಕ್ಕೆ ತಲೆಯಾಡಿಸಿ, ಸಾಕು.

ಈಗಿನ ಲೆಕ್ಕ ನೋಡಿದರೆ ಅಮೆರಿಕಾದಲ್ಲಿ ಸುಮಾರು 34 ಕೋಟಿ ಜನ, ಕೆನಡಾದಲ್ಲಿ 4 ಕೋಟಿ. 2024ರಲ್ಲಿ ಕೆನಡಾ ಹೊರಗೆ ಮಾರಿದ ಸರಕಿನಲ್ಲಿ ಮುಕ್ಕಾಲು ಪಾಲು ಅಮೆರಿಕಾಕ್ಕೇ ಹೋಗಿತ್ತು. ನಡುವೆ 8,891 ಕಿಲೋಮೀಟರ್ ಗಡಿ. 1969ರಲ್ಲಿ ಅವರ ಪ್ರಧಾನಿ ಪಿಯರ್ ಟ್ರುಡೊ ವಾಷಿಂಗ್ಟನ್ನಿಗೇ ಹೋಗಿ, ನಿಮ್ಮ ಪಕ್ಕ ಇರುವುದು ಆನೆಯ ಪಕ್ಕ ಮಲಗಿದ ಹಾಗೆ, ಅದು ಮಗ್ಗುಲು ಬದಲಿಸಿದರೂ ನಮಗೆ ಗೊತ್ತಾಗುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದ್ದರಂತೆ. ಇದನ್ನು ದಾಂಡೇಲಿ, ಯಲ್ಲಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆನೆ ಒಳ್ಳೆಯದೇ ಇರಬಹುದು. ಗದ್ದೆ ನಮ್ಮದು ತಾನೇ?

ಟೀಚರಮ್ಮ ಬಂದ ಸಮಯದಲ್ಲಿ ಆನೆ ಎದ್ದೇ ನಿಂತಿತ್ತು. ಕೆನಡಾ ಅಮೆರಿಕಾದ 51ನೇ ರಾಜ್ಯ ಆಗಲಿ ಅಂತ ಟ್ರಂಪ್ ಹೇಳುತ್ತಿದ್ದರು, 25 ಪರ್ಸೆಂಟ್ ಸುಂಕದ ಬೆದರಿಕೆ ಬೇರೆ. ಫೆಬ್ರವರಿ 21ರ ಬೆಳಿಗ್ಗೆ ಏಳಕ್ಕೆಲ್ಲ ಅವರು ಜಗಲಿಯಲ್ಲಿ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಕೂತಿದ್ದರು. ಬಾಸ್ಟನ್ನಿನಲ್ಲಿ ಎರಡೂ ದೇಶದ ಐಸ್ ಹಾಕಿ ಫೈನಲ್. ಐದಾರು ದಿನದ ಹಿಂದೆ ಮಾಂಟ್ರಿಯಲ್‌ನಲ್ಲಿ ಇದೇ ತಂಡಗಳು ಆಡಿದಾಗ ಜನ ಅಮೆರಿಕಾದ ರಾಷ್ಟ್ರಗೀತೆಗೆ ಹೋ ಅಂತ ಕೂಗಿದ್ದರು, ಆಟ ಶುರುವಾದ 9 ಸೆಕೆಂಡಿನಲ್ಲಿ ಮೂರು ಹೊಡೆದಾಟ ಆಗಿತ್ತು. ಚಹಾ ಕೊಟ್ಟರೆ ಕಣ್ಣೆತ್ತಲಿಲ್ಲ. ದೋಸೆ ತಣ್ಣಗಾಯಿತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಮೆಕ್‌ಡೇವಿಡ್ ಅನ್ನುವವನು ಗೋಲ್ ಹೊಡೆದು ಕೆನಡಾ 3-2ರಿಂದ ಗೆದ್ದಿತು. ಅರವತ್ತೈದರ ಹೆಂಗಸು ಕೂಗಿದ ಕೂಗಿಗೆ ಅಂಗಳದ ಕಾಗೆಗಳೆಲ್ಲ ಎದ್ದವು. ನಮ್ಮವರು ದನ ನುಗ್ಗಿತು ಅಂದುಕೊಂಡು ಕೋಲು ಹಿಡಿದು ಬಂದರು.

ಊರಿಗೆ ಹೋದ ಮೇಲೆ ಮೆಸೇಜ್ ಕಳಿಸುತ್ತಿದ್ದರು. ಮಾರ್ಚ್‌ನಲ್ಲಿ ಅವರ ಪ್ರಾಂತ್ಯ ಒಂಟಾರಿಯೊದ ಸರ್ಕಾರಿ ಅಂಗಡಿಗಳಲ್ಲಿ ಅಮೆರಿಕಾದ ಮದ್ಯ ಕಪಾಟಿನಿಂದ ಇಳಿಸಿದರಂತೆ. ಕೆಲವು ಕಡೆ ಅಮೆರಿಕಾನೊ ಕಾಫಿಯ ಹೆಸರು ಅಳಿಸಿ ಕೆನಡಿಯಾನೊ ಅಂತ ಬರೆದರಂತೆ. ಟೊಮೆಟೊ ಎಲ್ಲಿಂದ ಬಂತು ಅಂತ ಚೀಟಿ ಓದಿ ಕೊಳ್ಳುವುದರಲ್ಲಿ ಅವರಿಗೆ ಈಗ ಅರ್ಧ ತಾಸು ಜಾಸ್ತಿ ಹಿಡಿಯುತ್ತದಂತೆ.

ಇಷ್ಟೆಲ್ಲ ಕೇಳಿ ಎಲ್ಲರೂ ಮಾಡುವ ಇನ್ನೊಂದು ತಪ್ಪಿದೆ. ಖುಷಿಪಡಿಸಲು ನೀವೂ ಅಮೆರಿಕಾಕ್ಕೆ ಬೈಯಲು ಶುರು ಮಾಡಬೇಡಿ. ನಾನು ಒಮ್ಮೆ "ಅಮೆರಿಕಾದವರೇ ಹಾಗೆ" ಅಂದೆ. ಟೀಚರಮ್ಮನ ಮುಖ ಮತ್ತೆ ಬಿಗಿಯಿತು. ಅವರ ಮಗಳು ಇರುವುದು ಅಮೆರಿಕಾದ ಬಫಲೋದಲ್ಲಿ, ಅಳಿಯ ಅಮೆರಿಕಾದವನು. ಚಳಿಗಾಲ ಬಂತೆಂದರೆ ಅವರ ಬೀದಿಯ ಅರ್ಧ ಜನ ಫ್ಲೋರಿಡಾದಲ್ಲಿ. ಅಕ್ಕನ ಅತ್ತೆ ಮನೆಯವರನ್ನು ನಾನು ಬೈಯಬಹುದು, ನೀವು ಬೈದರೆ ನಾನು ಸುಮ್ನಿರುತ್ತೇನಾ?

ಎರಡೂ ದೇಶದವರು ಒಂದೇ ಮೇಜಿಗೆ ಕೂತರೆ ಹೆದರಬೇಡಿ. ಅದೇ ವಾರ ಅಮೆರಿಕಾದ ಓರೆಗಾನ್ ಕಡೆಯ ಗಂಡ ಹೆಂಡತಿ ಇದ್ದರು. ನನ್ನ ಎದೆ ಡವಡವ. ಅಮೆರಿಕಾದವರೇ ಮೊದಲು ತಮ್ಮ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಆಗ ಟೀಚರಮ್ಮ ಗ್ಯಾಂಡರ್ ಕಥೆ ತೆಗೆದರು. 2001ರ ಸೆಪ್ಟೆಂಬರ್ 11ರಂದು ದಾಳಿಯಾಗಿ ಅಮೆರಿಕಾ ತನ್ನ ಆಕಾಶ ಮುಚ್ಚಿದಾಗ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಆ ಪುಟ್ಟ ಊರಿಗೆ 38 ವಿಮಾನ ಇಳಿದವು, 6,500ಕ್ಕೂ ಜಾಸ್ತಿ ಜನ. ಊರಿನವರೇ ಸುಮಾರು ಹತ್ತು ಸಾವಿರ. ಶಾಲೆ, ಚರ್ಚು, ಮನೆ ಎಲ್ಲ ತೆರೆದು ದಿನಗಟ್ಟಲೆ ಊಟ ಹಾಕಿದರು. ಓರೆಗಾನ್ ಹೆಂಗಸಿನ ಕಣ್ಣಲ್ಲಿ ನೀರು. ನಾನು ಒಳಗೆ ಹೋಗಿ ಎಷ್ಟು ಸೇರು ಅಕ್ಕಿ ಬೇಕಾಗಬಹುದು ಅಂತ ಲೆಕ್ಕ ಹಾಕುತ್ತಾ ನಿಂತೆ.

ಮೆನುವಿನಲ್ಲಿ ಏನೂ ಬದಲಿಸಬೇಕಾಗಿಲ್ಲ. ಖಾರ ಸ್ವಲ್ಪ ಕಡಿಮೆ, ಅಷ್ಟೇ.

ಈ ನವೆಂಬರ್‌ನಲ್ಲಿ ಒಬ್ಬ ಹುಡುಗ ಬಂದ. ಪಾಸ್‌ಪೋರ್ಟ್ ನೋಡಿದೆ, ಸಿಂಹ, ಕುದುರೆ ಎರಡೂ ಇದ್ದವು. ಎಲ್ಲ ಕಲಿತವಳ ಹಾಗೆ "ಕೆನಡಾದವರು! ಬನ್ನಿ, ಬನ್ನಿ" ಅಂದೆ. ಹುಡುಗ ತಲೆ ಕೆರೆದುಕೊಂಡು ನಕ್ಕ. ಕೆನಡಾದ ಒಳಗೇ ಇದ್ದರೂ ಫ್ರೆಂಚ್ ಮಾತಾಡುತ್ತಾ ತಾವೇ ಬೇರೆ ಅನ್ನುವ ಪ್ರಾಂತ್ಯವೊಂದಿದೆಯಲ್ಲ, ಅಲ್ಲಿಯವನು. "ಕ್ವಿಬೆಕ್" ಅಂದ.